ಉಗ್ರಾಣದ ಗುಡ್ಡ

ನಾವು ಓದುತ್ತಿದ್ದ ಕಾಲಕ್ಕೆ ಸೆಕೆಂಡ್ ಡಿವಿಷನ್ ಎಂದರೆ ಮನೆಯಲ್ಲಿ ಬೈಗುಳವೂ ಇಲ್ಲ, ಓಣಿಗೆ ಪೇಢೆ ಹಂಚುವ ಸಂಭ್ರಮವೂ ಇಲ್ಲ, ಎರಡರ ನಡುವಿನ ಒಂದು ಸ್ಥಿತಿ. ಫಸ್ಟ್ ಡಿವಿಷನ್ನಿನವರು ಇಂಜಿನಿಯರಿಂಗಿಗೋ ಡಾಕ್ಟರಿಕೆಗೋ ಹೋದರು. ಥರ್ಡ್ ಡಿವಿಷನ್ನಿನವರಿಗೆ ಗಂಡು ನೋಡಿದರು. ನಡುವೆ ಉಳಿದ ನಮ್ಮಂಥವರು ಬಿ.ಎ. ಮಾಡಿ, ಬಿ.ಎಡ್. ಮಾಡಿ ಕೈಯಲ್ಲಿ ಸೀಮೆಸುಣ್ಣ ಹಿಡಿದೆವು. ಹೀಗಾಗಿ ಯುದ್ಧದ ಪುಸ್ತಕವೊಂದರಲ್ಲಿ ‘ಸೆಕೆಂಡ್ ಡಿವಿಷನ್’ ಎಂಬ ಹೆಸರು ಕಂಡಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಅದರ ಕಥೆ ಓದುತ್ತ ಹೋದಂತೆ ನಗು ತಾನಾಗಿ ನಿಂತಿತು.

ಇತಿಹಾಸ ಕಲಿಸುವವಳಿಗೆ ಯುದ್ಧ ಹೊಸತಲ್ಲ. ವರ್ಷಕ್ಕೆ ಮೂರು ಸಲ ಪಾಣಿಪತ್, ನಾಲ್ಕು ಸಲ ಮೈಸೂರು, ಎರಡು ಸಲ ಜಗತ್ತು ಎಂದು ಯುದ್ಧ ಮಾಡಿಸುತ್ತಲೇ ಬಂದಿದ್ದೇನೆ. ಆದರೆ ಪಠ್ಯಪುಸ್ತಕದ ಯುದ್ಧದಲ್ಲಿ ಯಾರೂ ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ, ನೆನೆದ ಬಟ್ಟೆ ಒಣಗಿಸುವುದಿಲ್ಲ. ಕಾರಣಗಳು, ಘಟನೆಗಳು, ಪರಿಣಾಮಗಳು, ಐದು ಅಂಕ. ಈ ಎರಡನೇ ಡಿವಿಷನ್ನಿನ ಕಥೆ ನನ್ನನ್ನು ಹಿಡಿದು ಕೂರಿಸಿದ್ದು, ಅದರಲ್ಲಿ ಅನ್ನದ ಲೆಕ್ಕ, ನೀರಿನ ಲೆಕ್ಕ ಇದ್ದುವೆಂಬ ಕಾರಣಕ್ಕೆ. ಮನೆ ನಡೆಸಿದವರಿಗೆ ಆ ಲೆಕ್ಕ ಬೇಗ ಅರ್ಥವಾಗುತ್ತದೆ.

ಸೈನ್ಯದ ಡಿವಿಷನ್ ಎಂದರೆ ಬರೀ ಬಂದೂಕು ಹಿಡಿದವರ ಗುಂಪಲ್ಲ, ಅದೊಂದು ನಡೆದಾಡುವ ಊರು. ಅದಕ್ಕೆ ಮೂರು ಬ್ರಿಗೇಡುಗಳು, ಪ್ರತಿ ಬ್ರಿಗೇಡಿಗೆ ಮೂರು ಬೆಟಾಲಿಯನ್ನುಗಳು. ಅವರ ಹಿಂದೆ ಫಿರಂಗಿಯವರು, ರಸ್ತೆ ಕಟ್ಟುವವರು, ಆಸ್ಪತ್ರೆಯವರು, ಅಂಚೆಯವರು, ಅಡುಗೆಯವರು. ಬ್ರಿಟನ್ನಿನ ಎರಡನೇ ಕಾಲಾಳು ಡಿವಿಷನ್ 1809ರಲ್ಲಿ ಹುಟ್ಟಿ ವಾಟರ್ಲೂ ಕಂಡ ಹಳೆಯ ಮನೆತನ. ಅವರ ತೋಳಿನ ಗುರುತು ಕಪ್ಪು ಬಟ್ಟೆಯ ಮೇಲೆ ಅಡ್ಡಡ್ಡ ಇಟ್ಟ ಎರಡು ಬಿಳಿ ಕೀಲಿಕೈ. ಅದರ ಚಿತ್ರ ನೋಡಿದಾಗ, ಸೊಂಟಕ್ಕೆ ಉಗ್ರಾಣದ ಕೀಲಿಕೈ ಸಿಕ್ಕಿಸಿಕೊಂಡೇ ಮಲಗುತ್ತಿದ್ದ ನಮ್ಮ ಅಜ್ಜಿ ನೆನಪಾದರು. ಮಹಾಯುದ್ಧದ ವರ್ಷಗಳನ್ನು ಅವರು ‘ಕಂಟ್ರೋಲಿನ ಕಾಲ’ ಎಂದೇ ಕರೆಯುತ್ತಿದ್ದರು. ಹಿಟ್ಲರ್ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅಕ್ಕಿ, ಸಕ್ಕರೆ, ಸೀಮೆ ಎಣ್ಣೆಗೆ ಸಾಲಿನಲ್ಲಿ ನಿಂತದ್ದು ಮಾತ್ರ ಕೊನೆಯವರೆಗೂ ನೆನಪಿತ್ತು.

ಈ ಡಿವಿಷನ್ 1940ರಲ್ಲಿ ಫ್ರಾನ್ಸಿನಲ್ಲಿ ಜರ್ಮನರ ಎದುರು ನಿಂತು ಸೋತು ಡನ್‌ಕರ್ಕ್ ಕಡಲತೀರದಿಂದ ಊರಿಗೆ ಮರಳಿತು. ಅಲ್ಲಿ ಅದರ ರಾಯಲ್ ನಾರ್ಫೋಕ್ ಬೆಟಾಲಿಯನ್ನಿನ ಹುಡುಗರು ಗುಂಡು ಮುಗಿದು ಶರಣಾದಾಗ, ಮೇ 27ರಂದು, ಲ ಪಾರಾದಿ ಎಂಬ ಹಳ್ಳಿಯಲ್ಲಿ 97 ಮಂದಿಯನ್ನು ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿ ಕೊಂದರು. ಆ ಗಾಯ ಹೊತ್ತುಕೊಂಡೇ ಡಿವಿಷನ್ 1942ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂತು. ಬಿಡಾರ ಅಹ್ಮದ್‌ನಗರದಲ್ಲಿ; ಈಗ ಆ ಊರಿಗೆ ಅಹಿಲ್ಯಾನಗರ ಎಂದು ಹೆಸರು.

ಅದೇ ಊರಿನ ಕೋಟೆಯಲ್ಲಿ 1942ರ ಆಗಸ್ಟಿನಿಂದ ನೆಹರೂ, ಪಟೇಲ್, ಆಜಾದ್ ಬಂದಿಗಳಾಗಿದ್ದರು. ಒಂದು ಊರು, ಒಂದೇ ಬಿಸಿಲು. ಗೋಡೆಯ ಒಳಗೆ ನಮ್ಮ ನಾಯಕರು, ಹೊರಗೆ ಅವರನ್ನು ಒಳಗಿಟ್ಟ ಸರ್ಕಾರದ ಸೈನಿಕರು. 1944ರ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ನೆಹರೂ ಅಲ್ಲಿ ಕೂತು ‘ಡಿಸ್ಕವರಿ ಆಫ್ ಇಂಡಿಯಾ’ ಬರೆದರು. ಅವರು ಬರೆಯತೊಡಗಿದ ತಿಂಗಳಿನಲ್ಲೇ ಈ ಸೈನಿಕರು ಭಾರತದ ಇನ್ನೊಂದು ತುದಿಗೆ ಹೊರಟರು.

ಹೊರಡುವ ಮೊದಲು ಅವರು ಕಾಡಿನ ಯುದ್ಧ ಕಲಿಯುತ್ತಿದ್ದದ್ದು ನಮ್ಮ ಬೆಳಗಾವಿ ಸೀಮೆಯ ಕಾಡಿನಲ್ಲಿ. ಬೆಳಗಾವಿಯ ಕ್ಯಾಂಪಿನಲ್ಲಿ ಅಡ್ಡಾಡಿದವರಿಗೆ ಆ ಹಳೆಯ ಬಂಗಲೆಗಳು, ಅಗಲವಾದ ರಸ್ತೆಗಳು, ದೊಡ್ಡ ಮರಗಳು ಗೊತ್ತು. ಲಂಡನ್ನಿನ ಪಕ್ಕದ ಊರಿನ ಹುಡುಗ, ಸ್ಕಾಟ್ಲೆಂಡಿನ ಗುಡ್ಡದ ಹುಡುಗ, ಡರ್ಹಮ್ಮಿನ ಕಲ್ಲಿದ್ದಲು ಗಣಿಯ ಹುಡುಗ ನಮ್ಮ ಮತ್ತಿ, ಬಿದಿರುಗಳ ನಡುವೆ ಶತ್ರುವನ್ನು ಹುಡುಕುವ ಪಾಠ ಓದಿದರು. ಪರೀಕ್ಷೆ ಮಾತ್ರ ಸುಮಾರು ಎರಡು ಸಾವಿರ ಮೈಲಿ ಆಚೆ, ನಾಗಾ ಗುಡ್ಡಗಳಲ್ಲಿ.

ಅಲ್ಲಿ ಆದದ್ದಿಷ್ಟು. ಬರ್ಮಾ ಗೆದ್ದಿದ್ದ ಜಪಾನಿನ ಸೇನಾಪತಿ ಮುತಗುಚಿ 1944ರ ಮಾರ್ಚಿನಲ್ಲಿ ಮೂರು ಡಿವಿಷನ್ನುಗಳನ್ನು ಭಾರತದ ಗಡಿ ದಾಟಿಸಿದ. ಎರಡು ಇಂಫಾಲದ ಮೇಲೆ. ಮೂರನೆಯದು, ಸಾಟೊ ಎಂಬಾತನ 31ನೇ ಡಿವಿಷನ್, ಕೊಹಿಮಾದ ಮೇಲೆ. ಕೊಹಿಮಾ ಆಗ ಗುಡ್ಡದ ಏಣಿನ ಮೇಲೆ ಕೂತ ಸಣ್ಣ ಊರು. ಆದರೆ ದಿಮಾಪುರದಿಂದ ಇಂಫಾಲಕ್ಕೆ ಹೋಗುವ ಒಂದೇ ಒಂದು ರಸ್ತೆ ಅದರ ಹೊಸ್ತಿಲ ಮೇಲೆ ಹಾದುಹೋಗುತ್ತಿತ್ತು. ದಿಮಾಪುರದಲ್ಲಿ ರೈಲು ನಿಲ್ದಾಣ. ಅದರ ಪಕ್ಕದಲ್ಲಿ 11 ಮೈಲಿ ಉದ್ದ, ಒಂದು ಮೈಲಿ ಅಗಲಕ್ಕೆ ಹರಡಿದ ಉಗ್ರಾಣ. ಆಹಾರ, ಬಟ್ಟೆ, ಪೆಟ್ರೋಲು, ಮದ್ದುಗುಂಡು ಎಲ್ಲ ಅಲ್ಲಿ.

ಮುತಗುಚಿ ತನ್ನವರಿಗೆ ಕಟ್ಟಿಕೊಟ್ಟದ್ದು ಮೂರು ವಾರದ ಬುತ್ತಿ. ಜೊತೆಗೆ ಹೊಡೆದುಕೊಂಡು ಹೋಗಲು ದನದ ಮಂದೆ. ಮೂರು ವಾರದೊಳಗೆ ಇಂಫಾಲ ಬೀಳುತ್ತದೆ, ಆಮೇಲೆ ಬ್ರಿಟಿಷರ ಉಗ್ರಾಣವೇ ನಮ್ಮ ಉಗ್ರಾಣ ಎಂಬ ಲೆಕ್ಕ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತೇವಲ್ಲ, ಇದು ಹಾಗಾಯಿತು. ದನಗಳು ನದಿ ದಾಟುವಲ್ಲಿ, ಗುಡ್ಡ ಹತ್ತುವಲ್ಲಿ ಎಷ್ಟೋ ಸತ್ತವು. ಮದುವೆ ಮನೆಯಲ್ಲಿ ನೂರು ಜನಕ್ಕೆ ಅಂದಾಜು ಮಾಡಿ ಅಕ್ಕಿ ಅಳೆಯುವ ಯಾವ ಹೆಂಗಸಾದರೂ, ಪಕ್ಕದ ಮನೆಯ ಅಕ್ಕಿಯನ್ನು ನಂಬಿ ಎಸರು ಇಡುವುದಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಸಾಟೊನ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೊಹಿಮಾವನ್ನು ಸುತ್ತಿದರು. ಒಳಗಿದ್ದವರು ಸುಮಾರು 2,500. ಅವರಲ್ಲಿ ಸಾವಿರದಷ್ಟು ಜನ ಬಂದೂಕು ಹಿಡಿಯದವರು, ಗುಮಾಸ್ತರು, ಅಡುಗೆಯವರು, ಹೊರೆಯಾಳುಗಳು. ಅವರು ಕಾಯ್ದ ಗುಡ್ಡಗಳ ಹೆಸರು ಕೇಳಿ. ಒಂದು ಸಾಮಾನು ಕೊಡುವ ಗುಡ್ಡ, ಒಂದು ದಾಸ್ತಾನಿನ ಗುಡ್ಡ, ಒಂದು ಸಾಗಾಟದ ಏಣು, ಒಂದು ಆಸ್ಪತ್ರೆಯ ಏಣು, ಒಂದು ಜೈಲಿನ ಗುಡ್ಡ. ಶಾಂತಿಕಾಲದಲ್ಲಿ ಯಾವ ಗುಡ್ಡದ ಮೇಲೆ ಯಾವ ಕೆಲಸ ನಡೆಯುತ್ತಿತ್ತೋ ಆ ಹೆಸರನ್ನೇ ಇಂಗ್ಲಿಷಿನ ಮೂರು ಮೂರು ಅಕ್ಷರಗಳಲ್ಲಿ ನಕ್ಷೆಯ ಮೇಲೆ ಬರೆದಿದ್ದರು. ಬೇಕರಿಯ ಇಟ್ಟಿಗೆ ಒಲೆಗಳೊಳಗೆ ಜಪಾನಿಗಳು ಅಡಗಿ ಕೂತರು. ರೊಟ್ಟಿ ಬೇಯಿಸುವ ಒಲೆಗಾಗಿ, ಅಕ್ಕಿ ಇಡುವ ಮಾಡಿಗಾಗಿ ಮನುಷ್ಯರು ಸತ್ತರು.

ನೀರಿನ ಕಥೆ ಇನ್ನೂ ಕಷ್ಟದ್ದು. ಊರಿಗೆ ನೀರು ಬರುತ್ತಿದ್ದ ಏಣು ಮೊದಲಿಗೇ ಶತ್ರುವಿನ ಪಾಲಾಯಿತು. ಒಳಗಿನವರಿಗೆ ಉಳಿದದ್ದು ಗುಡ್ಡದ ಬದಿಯ ಒಂದು ಸಣ್ಣ ಒರತೆ. ರಾತ್ರಿ ಕತ್ತಲಲ್ಲಿ ತೆವಳಿ ಹೋಗಿ ತುಂಬಿಕೊಂಡು ಬರಬೇಕು. ಗಾಯಾಳುಗಳು ಬಯಲಲ್ಲಿ, ತೋಡಿದ ಗುಂಡಿಗಳಲ್ಲಿ ಮಲಗಿದ್ದರು. ಮಲಗಿದಲ್ಲೇ ಎರಡನೆಯ ಸಲ ಗುಂಡು ತಾಗಿಸಿಕೊಂಡವರೂ ಇದ್ದರು. ವಿಮಾನದಿಂದ ಇಳಿಬಿಟ್ಟ ನೀರಿನ ಡಬ್ಬಿ, ಮದ್ದುಗುಂಡು ಎಷ್ಟೋ ಸಲ ಜಪಾನಿಗಳ ಕಡೆ ಬಿದ್ದವು.

ಇವರನ್ನು ಬಿಡಿಸಲು ಎರಡನೇ ಡಿವಿಷನ್ ಬರಬೇಕಾಯಿತು. ಕೆಲವರು ವಿಮಾನದಲ್ಲಿ, ಹೆಚ್ಚಿನವರು ರೈಲಿನಲ್ಲಿ. ಬ್ರಹ್ಮಪುತ್ರಕ್ಕೆ ಆಗ ಸೇತುವೆ ಇಲ್ಲ. ರೈಲಿಳಿದು ದೋಣಿ, ದೋಣಿಯಿಳಿದು ಮತ್ತೆ ರೈಲು. ಅವರು ಹಾದುಹೋದ ಬಂಗಾಳದಲ್ಲಿ ಹಿಂದಿನ ವರ್ಷವೇ, 1943ರಲ್ಲಿ, ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತಿದ್ದರು. ಸೈನ್ಯದ ಉಗ್ರಾಣ 11 ಮೈಲಿ ಉದ್ದ ಇದ್ದ ದೇಶದಲ್ಲಿಯೇ. ಕೊಹಿಮಾದ ಕಥೆ ಹೇಳುವಾಗ ಈ ಮಾತನ್ನು ನಾನು ಬಿಡುವುದಿಲ್ಲ.

ಏಪ್ರಿಲ್ 15ರ ಹೊತ್ತಿಗೆ ಡಿವಿಷನ್ ದಾರಿಯ ಅಡ್ಡಗಟ್ಟೆಗಳನ್ನು ಒಡೆದು ಕೊಹಿಮಾದ ಪಕ್ಕದ ಜೋತ್ಸೋಮಾ ತಲುಪಿತು. 18ರಂದು ಪಂಜಾಬ್ ರೆಜಿಮೆಂಟಿನವರು ಮುತ್ತಿಗೆ ಮುರಿದು ಒಳಹೊಕ್ಕರು. 20ರಂದು ರಾಯಲ್ ಬರ್ಕ್‌ಷೈರಿನವರು ಬಂದು ಹಳಬರನ್ನು ಕಳಿಸಿಕೊಟ್ಟು ಅವರ ಗುಂಡಿಗಳಲ್ಲಿ ತಾವು ಕೂತರು. ಮುತ್ತಿಗೆ ಮುಗಿಯಿತು, ಯುದ್ಧ ಮುಗಿಯಲಿಲ್ಲ. ಇನ್ನು ಒಂದೊಂದೇ ಗುಡ್ಡವನ್ನು ಮರಳಿ ಪಡೆಯಬೇಕಿತ್ತು.

ಅಲ್ಲಿನ ಜಿಲ್ಲಾಧಿಕಾರಿ ಚಾರ್ಲ್ಸ್ ಪಾಸಿಯ ಬಂಗಲೆಯ ಮುಂದೆ ಒಂದು ಟೆನಿಸ್ ಅಂಗಳವಿತ್ತು. ಅದರ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಅವರು. ಚೆಂಡು ಹೋಗುತ್ತಿದ್ದ ದಾರಿಯಲ್ಲಿ ವಾರಗಟ್ಟಲೆ ಕೈಬಾಂಬು ಹಾರಾಡಿದವು. ಕೊನೆಗೆ ಮೇ 13ರಂದು ಗುಡ್ಡ ಕಡಿದು ದಾರಿ ಮಾಡಿ ಒಂದು ಟ್ಯಾಂಕನ್ನು ಅಂಗಳಕ್ಕೆ ಇಳಿಸಿದ ಮೇಲೆ ಡಾರ್ಸೆಟ್ ಬೆಟಾಲಿಯನ್ ಆ ಜಾಗ ಗೆದ್ದಿತು. ಸಾಗಾಟದ ಏಣಿನ ಮೇಲೆ ನಾಲ್ಕನೇ ಬ್ರಿಗೇಡಿನ ಅಧಿಕಾರಿ ಗೋಶೆನ್ ಸತ್ತರು. ಅವರ ಜಾಗಕ್ಕೆ ಬಂದ ಥಿಯೋಬಾಲ್ಡ್ಸ್ ಕೂಡ ಪ್ರಾಣ ತೆಗೆಯುವ ಗಾಯ ಉಂಡರು.

ಅದೇ ಏಣಿನ ಮೇಲೆ ನಾರ್ಫೋಕ್ ಬೆಟಾಲಿಯನ್ನಿನ ಕ್ಯಾಪ್ಟನ್ ಜಾನ್ ರ್ಯಾಂಡಲ್ ಇದ್ದ. ವಯಸ್ಸು 26. ಮೇ 6ರಂದು, ಮೊದಲೇ ಗಾಯಗೊಂಡಿದ್ದ ಅವನು ಮೆಷಿನ್‌ಗನ್ ಇದ್ದ ಬಂಕರಿನೊಳಗೆ ಬಾಂಬು ಎಸೆದು, ಅದರ ಕಿಂಡಿಗೆ ತನ್ನ ಮೈಯನ್ನೇ ಅಡ್ಡವಿಟ್ಟ. ಹಿಂದೆ ಬರುತ್ತಿದ್ದವರು ಉಳಿದರು. ಅವನಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಅವನ ಹೆಂಡತಿಯ ಸಹೋದರ ಲೆಸ್ಲಿ ಮ್ಯಾನ್ಸರ್, ವಿಮಾನದಳದವನು, 1942ರ ಮೇ ತಿಂಗಳ ಕೊನೆಯಲ್ಲಿ ಜರ್ಮನಿಯ ಕೊಲೋನ್ ದಾಳಿಯಲ್ಲಿ ಸತ್ತಿದ್ದ. ಅವನಿಗೂ ಅದೇ ಪದಕ. ಎರಡು ವರ್ಷದೊಳಗೆ ಒಬ್ಬ ಹೆಂಗಸಿನ ಸಹೋದರ ಹೋದ, ಗಂಡ ಹೋದ. ದೇಶದ ಅತಿ ದೊಡ್ಡ ಪದಕ ಎರಡು ಸಲ ಒಂದೇ ಮನೆಗೆ ಬಂತು. ಪೆಟ್ಟಿಗೆಯಲ್ಲಿಟ್ಟ ಆ ಲೋಹವನ್ನು ಆಕೆ ಎಷ್ಟು ಸಲ ತೆಗೆದು ನೋಡಿರಬಹುದು ಎಂದು ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ.

ರ್ಯಾಂಡಲ್ ಸತ್ತ ಆ ಮೇ 6ರಂದೇ ಪುಣೆಯ ಆಗಾಖಾನ್ ಅರಮನೆಯ ಸೆರೆಯಿಂದ ಗಾಂಧೀಜಿ ಬಿಡುಗಡೆಯಾದರು. ಕಸ್ತೂರಬಾ ಅದೇ ಸೆರೆಯಲ್ಲಿ ಫೆಬ್ರವರಿ 22ರಂದು ಕಣ್ಣು ಮುಚ್ಚಿದ್ದರು. ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: “ಟೀಚರ್, ಇದರಲ್ಲಿ ನಮ್ಮವರು ಯಾರು?”

ಒಳ್ಳೆಯ ಪ್ರಶ್ನೆ. ಬ್ರಿಟಿಷರ ಪಕ್ಕದಲ್ಲಿ ಅಸ್ಸಾಮಿನವರು, ರಜಪೂತರು, ಪಂಜಾಬಿನವರು ಹೋರಾಡಿದರು. ಜಪಾನಿಗಳ ಪಕ್ಕದಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನವರು ಬಂದಿದ್ದರು. 1944ರ ಏಪ್ರಿಲ್ 14ರಂದು ಅವರು ಮಣಿಪುರದ ಮೊಯಿರಾಂಗಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಎರಡನೇ ಡಿವಿಷನ್ ಜೋತ್ಸೋಮಾ ಮುಟ್ಟಿದ್ದು ಅದರ ಮರುದಿನ. ಎರಡೂ ಕಡೆ ನಮ್ಮ ಮಕ್ಕಳೇ ಇದ್ದರು. ನಾನು ಹುಡುಗನಿಗೆ ಇದನ್ನು ಹೇಳಿ, ಇನ್ನೂ ಒಂದು ಮಾತು ಸೇರಿಸಿದೆ: “ಆ ಗುಡ್ಡ ಯಾರದ್ದಿತ್ತೋ ಅವರನ್ನೂ ಲೆಕ್ಕಕ್ಕೆ ಹಿಡಿ.”

ಏಕೆಂದರೆ ಕೊಹಿಮಾ ಬ್ರಿಟಿಷರದ್ದೂ ಅಲ್ಲ, ಜಪಾನಿಗಳದ್ದೂ ಅಲ್ಲ, ಅಂಗಾಮಿ ನಾಗಾಗಳ ಊರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಎಲ್ಲಿಂದಲೋ ಬಂದ ಇಬ್ಬರ ಜಗಳದಲ್ಲಿ ಅವರ ಮನೆಗಳು ಸುಟ್ಟವು, ಕಣಜಗಳು ಬರಿದಾದವು. ಹಸಿದ ಜಪಾನಿಗಳು ಅವರ ಅಕ್ಕಿಯನ್ನೂ ದನ ಹಂದಿಗಳನ್ನೂ ಎತ್ತಿಕೊಂಡು ಹೋದರು. ಡಿವಿಷನ್ನಿನ ಬ್ರಿಗೇಡೊಂದು ಮಳೆಯಲ್ಲಿ ಗುಡ್ಡ ಸುತ್ತಿ ಶತ್ರುವಿನ ಬೆನ್ನಿಗೆ ಹೋದಾಗ ದಾರಿ ತೋರಿಸಿದವರು, ಮದ್ದುಗುಂಡಿನ ಪೆಟ್ಟಿಗೆ ಹೊತ್ತವರು, ಗಾಯಾಳುಗಳನ್ನು ಜಾರುವ ಇಳಿಜಾರಿನಲ್ಲಿ ಬೀಳಿಸದೆ ಇಳಿಸಿದವರು ನಾಗಾಗಳು. ಗಂಡಸರಷ್ಟೇ ಅಲ್ಲ, ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಬುಟ್ಟಿ ಹೊರುವ ಹೆಂಗಸರೂ. ನಮ್ಮ ಕಡೆ ಹೊರೆಯನ್ನು ತಲೆಯ ಮೇಲೆ ಹೊರುತ್ತಾರೆ, ಅಲ್ಲಿ ಹಣೆಯ ಮೇಲೆ, ವ್ಯತ್ಯಾಸ ಅಷ್ಟೇ.

ಮೇ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಸಾಟೊನ ಜನ ಹುಲ್ಲು, ಬೇರು, ಕಾಡುಸೊಪ್ಪು ತಿನ್ನುತ್ತಿದ್ದರು. ಮೂರು ವಾರದ ಬುತ್ತಿಯಲ್ಲಿ ಎರಡು ತಿಂಗಳು ಕಳೆದಿದ್ದವು. ಹಿಂದಿನಿಂದ ಒಂದು ಹಿಡಿ ಅಕ್ಕಿ ಬಂದಿರಲಿಲ್ಲ. ಸಾಟೊ ಮೇಲಿನವರಿಗೆ ತಂತಿಯ ಮೇಲೆ ತಂತಿ ಕಳಿಸಿದ. ಬಂದ ಉತ್ತರ, ನಿಂತಲ್ಲೇ ನಿಲ್ಲು ಎಂದು. ಕೊನೆಗೆ ಆತ ಆಜ್ಞೆ ಮೀರಿ ತನ್ನವರನ್ನು ಹಿಂದೆ ಕರೆದುಕೊಂಡು ಹೊರಟ. ಜಪಾನಿನ ಸೈನ್ಯದಲ್ಲಿ ಡಿವಿಷನ್ನಿನ ಮುಖ್ಯಸ್ಥನೊಬ್ಬ ಹಾಗೆ ಮಾಡುವುದು ಊಹೆಗೂ ಮೀರಿದ್ದು. ಮುತಗುಚಿ ಅವನನ್ನು ತೆಗೆದುಹಾಕಿದ. ವಿಚಾರಣೆಗೆ ನಿಲ್ಲಿಸಿದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿಯಾನು ಎಂದು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ವೈದ್ಯರಿಂದ ಬರೆಸಿ ಮೂಲೆಗೆ ಕಳಿಸಿದರು. ಮಕ್ಕಳಿಗೆ ಊಟವಿಲ್ಲ ಎಂದು ಕೂಗಿದವನಿಗೆ ಹುಚ್ಚು ಎಂದು ಹೆಸರು.

ಇತ್ತ ಗೆದ್ದ ಕಡೆಯಲ್ಲೂ ನೋಡಿ. ಎರಡನೇ ಡಿವಿಷನ್ನಿನ ಮುಖ್ಯಸ್ಥ ಜಾನ್ ಗ್ರೋವರ್. ಆತ ನಿಧಾನ ಮಾಡಿದ ಎಂಬುದು ಮೇಲಿನವರ ದೂರು. ಜೂನ್ 22ರಂದು ಡಿವಿಷನ್ನಿನವರು ರಸ್ತೆಯ 109ನೇ ಮೈಲಿಗಲ್ಲಿನ ಬಳಿ ಇಂಫಾಲದಿಂದ ಬಂದವರನ್ನು ಕೂಡಿಕೊಂಡು ರಸ್ತೆ ತೆರೆದರು. ಜುಲೈ ಮೊದಲ ವಾರದಲ್ಲಿ ಗ್ರೋವರ್ ಹುದ್ದೆ ಕಳೆದುಕೊಂಡರು. ಸೋತ ಸೇನಾನಿಯೂ ಮನೆಗೆ, ಗೆದ್ದ ಸೇನಾನಿಯೂ ಮನೆಗೆ. ಬ್ರಿಟಿಷರ ಹಿರಿಯ ಸೇನಾಪತಿ ಸ್ಲಿಮ್ ತಮ್ಮ ಪುಸ್ತಕದಲ್ಲಿ ಸಾಟೊನನ್ನು ಸಾಹಸವಿಲ್ಲದವನೆಂದು ಹಗುರವಾಗಿ ಬರೆದಿದ್ದಾರೆ. ಯುದ್ಧ ತಿಳಿದವರ ಮಾತು, ಇರಬಹುದು. ಆದರೆ ಅಕ್ಕಿಯ ಡಬ್ಬಿಯ ತಳ ಕಂಡಾಗ ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಒಂದು ಧೈರ್ಯ ಬೇಕು ಎಂದು ನಾನು ತಿಳಿದಿದ್ದೇನೆ. ಅಷ್ಟು ತಡವಾಗಿ ಹೇಳಿದರೂ ಆತನ ಜನರಲ್ಲಿ ಎಷ್ಟೋ ಮಂದಿ ಬರ್ಮಾದ ದಾರಿಯಲ್ಲಿ ಹಸಿವು, ಆಮಶಂಕೆ, ಮಲೇರಿಯಾಗಳಿಂದ ಸತ್ತರು. ಕೊಹಿಮಾದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಬ್ರಿಟಿಷ್ ಮತ್ತು ಭಾರತೀಯರು ನಾಲ್ಕು ಸಾವಿರಕ್ಕೂ ಮೇಲೆ, ಜಪಾನಿಗಳು ಐದೂವರೆ ಸಾವಿರಕ್ಕೂ ಮೇಲೆ.

ಅದೇ ಜೂನ್ 6ರಂದು ನಾರ್ಮಂಡಿಯ ದಂಡಯಾತ್ರೆ ನಡೆದದ್ದರಿಂದ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಕೊಹಿಮಾಕ್ಕೆ ಜಾಗ ಸಿಗಲಿಲ್ಲ. 2013ರಲ್ಲಿ ಲಂಡನ್ನಿನ ಸೈನ್ಯ ವಸ್ತುಸಂಗ್ರಹಾಲಯ ಇಂಫಾಲ ಕೊಹಿಮಾ ಯುದ್ಧವನ್ನು ಬ್ರಿಟನ್ನಿನ ಅತಿ ದೊಡ್ಡ ಕದನವೆಂದು ಆರಿಸಿತು. ಅದಕ್ಕೆ ಒಂದು ವರ್ಷ ಮೊದಲು, 2012ರಲ್ಲಿ, ಎರಡನೇ ಡಿವಿಷನ್ ಎಂಬ ಹೆಸರನ್ನೇ ಸೈನ್ಯ ಮಡಿಚಿಟ್ಟಿತ್ತು.

ನಾನು ಆ ಊರಿಗೆ ಹೋಗಿದ್ದು ರಜೆಯಲ್ಲಿ, ಶಿಕ್ಷಕಿಯರ ಗುಂಪಿನೊಡನೆ. ಸ್ಮಶಾನವನ್ನು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡಕ್ಕೆ ಕಟ್ಟಿದ್ದಾರೆ. ಟೆನಿಸ್ ಅಂಗಳದ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಹಾಗೆಯೇ ಉಳಿಸಿದ್ದಾರೆ. ಜಪಾನಿ ಬಂದೂಕುಗಾರರು ಹತ್ತಿ ಕೂರುತ್ತಿದ್ದ ಚೆರ್ರಿ ಮರ ಯುದ್ಧದಲ್ಲಿ ಕಡಿದು ಬಿತ್ತು. ಅದರ ಬೊಡ್ಡೆಯಿಂದ ಚಿಗುರಿದ ಮರ ಈಗ ಅಲ್ಲಿದೆ. ಡಿವಿಷನ್ನಿನ ಸ್ಮಾರಕ ಒಂದು ದೊಡ್ಡ ನಿಲುವುಗಲ್ಲು, ನಾಗಾಗಳು ತಮ್ಮವರ ನೆನಪಿಗೆ ನಿಲ್ಲಿಸುವಂಥದ್ದು. ಅದನ್ನು ಎಳೆದು ತಂದವರೂ ಅವರೇ. ಬದುಕಿ ಉಳಿದ ಸೈನಿಕರು ಮುದುಕರಾದ ಮೇಲೆ, ಈ ಶತಮಾನದ ಮೊದಲ ವರ್ಷಗಳಲ್ಲಿ, ನಾಗಾ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಒಂದು ಟ್ರಸ್ಟ್ ಕಟ್ಟಿದರು. ಸಾಲ ತೀರಿಸುವ ಈ ರೀತಿ, ಶಿಕ್ಷಕಿಯಾದ ನನಗೆ ಪದಕಗಳಿಗಿಂತ ಹಿಡಿಸಿತು.

ಅಲ್ಲಿ 1,420 ಸಮಾಧಿಗಳಿವೆ. ಎಷ್ಟೋ ಸಮಾಧಿಗಳ ಕಂಚಿನ ಫಲಕದ ಕೆಳಗೆ ಮನೆಯವರು ಆರಿಸಿಕೊಟ್ಟ ಒಂದು ಸಾಲು ಇದೆ. ತಾಯಿ ಬರೆಸಿದ್ದು, ಹೆಂಡತಿ ಬರೆಸಿದ್ದು, ಮುಖ ನೋಡದ ಮಗುವಿನ ಹೆಸರಲ್ಲಿ ಬರೆಸಿದ್ದು. ಮೇಲೆ, ದಹನ ಸಂಸ್ಕಾರವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವಿದೆ. ಅಲ್ಲಿ ಹೆಸರುಗಳು ಮಾತ್ರ. ಅವರ ತಾಯಂದಿರ ಸಾಲು ಇಲ್ಲ.

ಊರಿಗೆ ಬಂದ ಮೇಲೆ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಆ 917ರಲ್ಲಿ ಒಬ್ಬನ ತಾಯಿ ನೀವೆಂದು ತಿಳಿದು ಒಂದೇ ಒಂದು ಸಾಲು ಬರೆಯಿರಿ ಎಂದೆ. ಹೆಚ್ಚಿನವರು ವೀರ, ತ್ಯಾಗ, ಅಮರ ಎಂದೆಲ್ಲ ಬರೆದರು. ನಾವೇ ಕಲಿಸಿದ ಮಾತುಗಳು. ಒಬ್ಬ ಹುಡುಗ, ನಿನ್ನ ಪಾಲಿನ ಹೊಲ ಹಾಗೇ ಇದೆ ಎಂದು ಬರೆದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬರೆದದ್ದು ಎರಡು ಪದ: “ಊಟ ಮಾಡಿದ್ಯಾ?” ಅಕ್ಕಪಕ್ಕದವರು ನಕ್ಕರು. ನಾನು ಅವಳನ್ನು ಎದ್ದು ನಿಲ್ಲಿಸಿ ಇನ್ನೊಮ್ಮೆ ಗಟ್ಟಿಯಾಗಿ ಓದಿಸಿದೆ. ಆಮೇಲೆ ಸಾಟೊನ ಮೂರು ವಾರದ ಬುತ್ತಿಯಿಂದ ಪಾಠ ಶುರು ಮಾಡಿದೆ.